ಒಂದು ರಾಗಿಕಾಳಿನಷ್ಟು ಸಡಿಲ

ಗೇಟಿನ ತಿರುಗಣಿ ಕಿರುಗುಟ್ಟುತ್ತಿದೆ, ಏನಾದರೂ ಹಚ್ಚಬಾರದೇ ಎಂದು ಹೆಂಡತಿ ಮೂರು ದಿನದಿಂದ ಹೇಳುತ್ತಿದ್ದಳು. ನಾಲ್ಕನೆಯ ದಿನ ಹಿತ್ತಿಲ ಶೆಡ್ಡಿಗೆ ಹೋಗಿ, ಹಲಗೆಯ ಮೇಲಿದ್ದ ಗ್ರೀಸ್ ಡಬ್ಬಿ ಇಳಿಸಿ ಮುಚ್ಚಳ ತಿರುಗಿಸಿ ತೆಗೆದೆ. ಒಳಗೆ ಮೂರು ಬೆರಳುಗಳ ಗುರುತಿತ್ತು.

ಗಾಬರಿಯಾಗುವಂಥದ್ದೇನೂ ಇರಲಿಲ್ಲ. ಬೆರಳುಗಳು ನನ್ನವೇ. ಎಂಟು ತಿಂಗಳ ಹಿಂದಿನ ಒಂದು ಭಾನುವಾರ ಬಗೆದು ತೆಗೆದ ಮೂರು ಸಾಲು, ಆಗಷ್ಟೇ ಉತ್ತ ಹೊಲದ ಹಾಗೆ ಹೊಳೆಯುತ್ತಿದ್ದವು. ಆದರೂ ಒಮ್ಮೆ ತೋರುಬೆರಳು, ನಡುಬೆರಳು, ಉಂಗುರಬೆರಳನ್ನು ಆ ಸಾಲುಗಳೊಳಗೆ ಇಟ್ಟು ನೋಡಿದೆ. ಸರಿಯಾಗಿ ಕೂತವು. ಕೈ ತೆಗೆದಾಗ ಮೊಣಕೈವರೆಗೆ ತಣ್ಣಗಾಗಿತ್ತು. ಅಂದು ಗೇಟಿಗೆ ಗ್ರೀಸು ಬೀಳಲಿಲ್ಲ. ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಶೆಡ್ಡಿನಲ್ಲೇ ಕೂತುಬಿಟ್ಟೆ. ನನ್ನೆದುರಿಗೆ ಟಾರ್ಪಾಲು ಹೊದ್ದುಕೊಂಡು ಬೈಕು ನಿಂತಿತ್ತು.

ಗ್ರೀಸಿನ ಈ ವಾಸನೆಗೂ ನನಗೂ ಹಳೆಯ ನಂಟು. ನಮ್ಮ ತಾತನ ಎತ್ತಿನ ಗಾಡಿಯ ಅಡಿಯಲ್ಲಿ ಒಂದು ಬಿದಿರ ಗೊಟ್ಟ ತೂಗುತ್ತಿತ್ತು. ಅದರೊಳಗೆ ಕೀಲೆಣ್ಣೆ. ಹರಳೆಣ್ಣೆಗೆ ಸುಟ್ಟ ಹುಲ್ಲಿನ ಮಸಿ ಕಲಸಿ ಮಾಡಿದ ಕಪ್ಪು ಪಾಕ. ಒಮ್ಮೆ ನಾನು ಅದರಿಂದ ಮೀಸೆ ಬರೆದುಕೊಂಡು ಶಾಲೆಗೆ ಹೋದೆ. ಸೀಗೆಪುಡಿ, ಸೀಮೆಎಣ್ಣೆ, ಅಜ್ಜಿಯ ಬೈಗುಳ ಯಾವುದಕ್ಕೂ ಅದು ಜಗ್ಗಲಿಲ್ಲ. ಮೂರು ದಿನ ಮೀಸೆಯೊಂದಿಗೇ ಮಗ್ಗಿ ಒಪ್ಪಿಸಿದೆ. ಈಗಲೂ ಹದಿಮೂರರ ಮಗ್ಗಿ ಹೇಳಬೇಕಾದರೆ ಕೈ ತಾನಾಗಿ ಮೇಲ್ದುಟಿಗೆ ಹೋಗುತ್ತದೆ.

ಗಾಲಿ ಕಳಚಿಕೊಳ್ಳದಂತೆ ಅಚ್ಚಿನ ತುದಿಗೆ ಒಂದು ಕಬ್ಬಿಣದ ಕಡೆಗೀಲು ಬಡಿಯುತ್ತಿದ್ದರು. ನಾನು ಉತ್ಸಾಹದಿಂದ ಸುತ್ತಿಗೆ ಎತ್ತಿದರೆ ತಾತ ಕೈ ಹಿಡಿಯುತ್ತಿದ್ದ.

"ಬಿಗೀಬ್ಯಾಡ ಕಣ್ಲಾ. ಒಂದು ರಾಗಿಕಾಳಷ್ಟು ಸಡ್ಲ ಬುಡು. ಗಾಲಿ ಉಸುರಾಡ್ಬೇಕು. ಬಿಗುದ್ರೆ ಗಾಡಿ ಅಳ್ತದೆ."

ಈ ಮಾತನ್ನು ನಾನು ಅಂಗಿಯ ಕತ್ತಿನ ಗುಂಡಿಗೂ, ಹಸುವಿನ ಮೂಗುದಾರಕ್ಕೂ, ಕೊನೆಗೆ ಸಂಸಾರಕ್ಕೂ ಅನ್ವಯಿಸಿಕೊಂಡು ಐವತ್ತರ ಹತ್ತಿರದವರೆಗೆ ಸುಖವಾಗಿಯೇ ಬಂದಿದ್ದೆ.

ಕುರಿ ಮೇಕೆ ದನಗಳಿಗೆ ಲಸಿಕೆ ಹಾಕುವುದು ನನ್ನ ಕೆಲಸ. ಮನೆ ಮಧುಗಿರಿಯಲ್ಲಿ, ತಿರುಗಾಟ ಐ.ಡಿ.ಹಳ್ಳಿ, ದೊಡ್ಡೇರಿ ಕಡೆಯ ಹಟ್ಟಿಗಳಲ್ಲಿ. ಟಾರು ಮುಗಿದ ಮೇಲೆ ಜಲ್ಲಿ, ಜಲ್ಲಿ ಮುಗಿದ ಮೇಲೆ ಬಂಡೆ, ಬಂಡೆಯೂ ಮುಗಿದ ಮೇಲೆ ಕುರಿಗಳು ಸಿಗುತ್ತವೆ. ಹಳೆಯ ಸ್ಕೂಟರು ಎರಡು ಸಲ ನನ್ನನ್ನು ಕತ್ತಾಳೆ ಮೆಳೆಗೆ ಎಸೆದ ಮೇಲೆ, ಕೊರಟಗೆರೆಯ ಒಬ್ಬ ತರುಣನಿಂದ ಗುಡ್ಡ ಹತ್ತುವ ಬೈಕೊಂದನ್ನು ಕೊಂಡೆ. ಅದು ಕುದುರೆಯಷ್ಟು ಎತ್ತರ. ನಾನು ಹತ್ತಲು ಕಲ್ಲು ಹುಡುಕಬೇಕಾಗಿತ್ತು. ಲಸಿಕೆ ಪೆಟ್ಟಿಗೆ ಹೊತ್ತು ನನ್ನ ಹಿಂದೆ ಕೂರುತ್ತಿದ್ದ ಸಹಾಯಕ ಚಿಕ್ಕಣ್ಣ ಮೊದಲ ದಿನವೇ ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಕೇಳಿದ, "ಯಾಕ್ಸಾರ್, ಇದುಕ್ಕೆ ಏಣಿ ಕೊಡ್ನಿಲ್ವಾ?"

ಚಿಕ್ಕಣ್ಣ ಆ ಕಡೆಯ ಹಟ್ಟಿಯೊಂದರವನೇ. ನಲವತ್ತರ ಗಟ್ಟಿ ಆಳು. ಮುನ್ನೂರು ಕುರಿಗಳ ಮಂದೆಯಲ್ಲಿ ಯಾವುದಕ್ಕೆ ಸೂಜಿ ಬಿದ್ದಿದೆ, ಯಾವುದಕ್ಕೆ ಬಿದ್ದಿಲ್ಲ ಎಂದು ಮುಖ ನೋಡಿ ಹೇಳುತ್ತಿದ್ದ.

ಆ ಬೈಕಿನ ಹಿಂಭಾಗದ ವಿಚಾರವನ್ನು ಸ್ವಲ್ಪ ಹೇಳಬೇಕು. ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಸಾಮಾನ್ಯ ಬೈಕುಗಳಿಗೆ ಹಿಂದೆ ಎರಡು ಸ್ಪ್ರಿಂಗುಗಳಿದ್ದರೆ ಇದಕ್ಕೆ ನಡುವೆ ಒಂದೇ. ಚಕ್ರಕ್ಕೂ ಆ ಸ್ಪ್ರಿಂಗಿಗೂ ಮಧ್ಯೆ ಅಂಗೈಯಗಲದ ಒಂದು ತ್ರಿಕೋನದ ಕೊಂಡಿ, ಅದಕ್ಕೆ ಸೇರಿದ ಎರಡು ಪಟ್ಟಿ. ಬಾವಿಯ ಏತದ ಮರದ ಹಾಗೆ ಅದು ಕೆಲಸ ಮಾಡುತ್ತದೆ: ಚಕ್ರ ಕಲ್ಲು ಹತ್ತಿ ಗೇಣುದ್ದ ಎದ್ದರೆ ಸ್ಪ್ರಿಂಗು ಎರಡು ಬೆರಳಷ್ಟೇ ಕುಗ್ಗುತ್ತದೆ. ಕೂತವರಿಗೆ ಬಂಡೆಯೂ ಹಾಸಿಗೆಯಂತೆ ಅನ್ನಿಸುತ್ತದೆ. ಕೊಂಡಿ ಆಡುವ ಜಾಗಗಳಲ್ಲೆಲ್ಲ ಸೂಜಿಯಂಥ ಉಕ್ಕಿನ ಕಡ್ಡಿಗಳನ್ನು ಜೋಡಿಸಿದ ಬೇರಿಂಗುಗಳಿವೆ. ಇವೆಲ್ಲ ಇರುವುದು ಬೈಕಿನ ಹೊಟ್ಟೆಯಡಿಯಲ್ಲಿ, ಕೆಸರಿಗೂ ಮರಳಿಗೂ ಮೊದಲ ತುತ್ತಾಗುವ ಕಡೆ. ಆಗಾಗ ಬಿಚ್ಚಿ, ತೊಳೆದು, ಗ್ರೀಸು ತುಂಬದಿದ್ದರೆ ಅದು ಕೂಗತೊಡಗುತ್ತದೆ.

ಆಯುಧಪೂಜೆಯ ದಿನ ನಾನು ಎಲ್ಲರಂತೆ ಪಂಪಿನ ನೀರನ್ನು ಜೋರಾಗಿ ಬಿಟ್ಟು ಅದರ ಹೊಟ್ಟೆಯಡಿಯನ್ನೆಲ್ಲ ತೊಳೆದು, ಕುಂಬಳಕಾಯಿ ಒಡೆದು, ಚೆಂಡುಹೂವಿನ ಹಾರ ಹಾಕಿದ್ದೆ. ನೀರು ಬೇರಿಂಗಿಗೆ ನುಗ್ಗಿತ್ತು. ಕೆಲವು ದಿನಗಳಲ್ಲಿ ಕೂಗು ಶುರುವಾಯಿತು. ಆ ಭಾನುವಾರ ಮೊಬೈಲಿನಲ್ಲಿ ವಿಡಿಯೊ ನೋಡಿಕೊಂಡು ನಾನೇ ಬಿಚ್ಚಿದೆ. ಸೀಮೆಎಣ್ಣೆಯಲ್ಲಿ ತೊಳೆದೆ. ಉಕ್ಕಿನ ಸೂಜಿಗಳನ್ನು ಒಂದೊಂದಾಗಿ ಒರೆಸಿ ಗ್ರೀಸಿನಲ್ಲಿ ಕೂರಿಸಿದೆ. ಇಷ್ಟು ತೃಪ್ತಿ ಕೊಟ್ಟ ಕೆಲಸವನ್ನು ನಾನು ಜೀವನದಲ್ಲಿ ಹೆಚ್ಚು ಮಾಡಿಲ್ಲ. ಕೊನೆಗೆ ವಿಡಿಯೊದವನು ಅಳತೆ ತೋರುವ ಪಾನದಿಂದ, ಅಂದರೆ ಸ್ಪ್ಯಾನರಿನಿಂದ, ನಟ್ಟು ಬಿಗಿದ. ಸಾಕಾದಾಗ ಅದು 'ಟಕ್' ಎಂದಿತು. ನನ್ನ ಬಳಿ ಅಂಥ ಪಾನ ಇರಲಿಲ್ಲ. ತಾತ ಇದ್ದ. ಹಳೆಯ ನಟ್ಟನ್ನೇ ಹಾಕಿ ಪೂರ್ತಿ ಬಿಗಿದೆ. ಆಮೇಲೆ ಕೊಂಡಿ ಉಸಿರಾಡಲೆಂದು ಒಂದು ರಾಗಿಕಾಳಿನಷ್ಟು ಸಡಿಲ ಬಿಟ್ಟೆ.

ಬುಧವಾರ ದೊಡ್ಡೇರಿಯಾಚೆಯ ಹಟ್ಟಿಯೊಂದರಲ್ಲಿ ಲಸಿಕೆ ಮುಗಿಸಿ ಹಿಂದಿರುಗುತ್ತಿದ್ದೆವು. ಮಟಮಟ ಮಧ್ಯಾಹ್ನ. ನೆರಳು ಕಾಲ ಕೆಳಗೇ ಇತ್ತು. ಇಳಿಜಾರಿನಲ್ಲಿ ಒಂದು ದೊಡ್ಡ ಹುಣಸೆಮರವಿದೆ. ಅದರ ಕೆಳಗೆ ಯಾರೂ ಇರಲಿಲ್ಲ. ಇದನ್ನು ನಾನು ಖಚಿತವಾಗಿ ಹೇಳಬಲ್ಲೆ, ಏಕೆಂದರೆ ಅಲ್ಲಿಗೆ ಬಂದಾಗಲೆಲ್ಲ ನೋಡುವ ಅಭ್ಯಾಸ ನನಗಿತ್ತು.

ಆ ಅಭ್ಯಾಸಕ್ಕೆ ಕಾರಣ ಚಿಕ್ಕಣ್ಣನ ತಾಯಿ ಈರಮ್ಮ. ಬದುಕಿದ್ದಾಗ ಆಕೆ ಸಂತೆಗೆ ಹೋಗುವ ದಿನ ಅಲ್ಲೇ ಕಾಯುತ್ತಿದ್ದಳು. ನಮ್ಮ ಸದ್ದು ಕೇಳಿದರೆ ಸಾಕು, ದಾರಿಗೆ ಬಂದು ನಿಲ್ಲುತ್ತಿದ್ದಳು. "ಸಾರ್, ಈ ಮುದ್ಕೀನೂ ವಸಿ ಏರುಸ್ಕಳಿ. ನಂದೇನ್ ಭಾರ, ಒಂದು ಕೋಳಿಯಷ್ಟು!" ಎನ್ನುತ್ತ ಮಗನ ಹಿಂದೆ ಹತ್ತಿ, ಎರಡೂ ಕೈಯಿಂದ ಅವನ ಸೊಂಟ ಹಿಡಿದು ಕೂರುತ್ತಿದ್ದಳು. ಆ ಬುಧವಾರಕ್ಕೆ ಆಕೆ ಜ್ವರದಲ್ಲಿ ತೀರಿಕೊಂಡು ಒಂದು ವರ್ಷವಾಗಿತ್ತು.

ಮರದ ನೆರಳು ಮುಗಿಯುವ ಕಡೆ ಬೈಕಿನ ಹಿಂಭಾಗ ಕುಸಿಯಿತು. ಗುಂಡಿಗೆ ಇಳಿದರೆ ಚಕ್ರ ಮತ್ತೆ ಏಳುತ್ತದೆ. ಇದು ಏಳಲಿಲ್ಲ. ಓಡುವ ಬೈಕಿಗೆ ಯಾರೋ ಹಿಂದಿನಿಂದ ಹತ್ತಿ ಕೂತರೆ ಹೇಗೋ ಹಾಗೆ ಭಾರವಾಯಿತು. ನನ್ನ ಕೈಯಲ್ಲಿ ಹ್ಯಾಂಡಲು ಹಗುರಾಯಿತು. ಹತ್ತು ಹನ್ನೆರಡು ಹೆಜ್ಜೆಯಲ್ಲಿ ನಿಲ್ಲಿಸಿ ತಿರುಗಿ ನೋಡಿದರೆ, ಚಿಕ್ಕಣ್ಣ ಬಂಡೆಯ ಮೇಲೆ ಒಂದು ಮಗ್ಗುಲಾಗಿ ಬಿದ್ದಿದ್ದ. ಪೆಟ್ಟಿಗೆ ಬಾಯಿಬಿಟ್ಟು ಲಸಿಕೆಯ ಸೀಸೆಗಳು ಇಳಿಜಾರಿನಲ್ಲಿ ಉರುಳುತ್ತಿದ್ದವು. ಅವನು ನೋವೆಂದು ಕೂಗಲಿಲ್ಲ. ಮರದ ಕಡೆಗೇ ನೋಡುತ್ತ ಕೇಳಿದ:

"ಸಾರ್, ಯಾರು ಹತ್ತುದ್ರು?"

ಸೊಂಟದ ಮೂಳೆ ಮುರಿದಿತ್ತು. ಆಸ್ಪತ್ರೆಯಲ್ಲಿ ಅವನ ಹೆಂಡತಿ ಲಕ್ಷ್ಮಿ, ಹಟ್ಟಿಯ ನಾಲ್ಕಾರು ಹಿರಿಯರು ಸುತ್ತ ನಿಂತಿದ್ದಾಗ ಮತ್ತೆ ಕೇಳಿದ. "ನಿಮ್ಗೂ ಗೊತ್ತಾಯ್ತು ಅಲ್ವಾ ಸಾರ್?"

"ಹೌದು," ಎಂದೆ. "ಹಿಂದೆ ಭಾರವಾಯಿತು."

ಇದರಲ್ಲಿ ಒಂದು ಅಕ್ಷರ ಸುಳ್ಳಿಲ್ಲ. ಆದರೆ ಬೈಕನ್ನು ಗೂಡ್ಸ್ ಆಟೊಗೆ ಏರಿಸುವಾಗ ಅದರ ಹಿಂಭಾಗ ಎಂದಿಗಿಂತ ತಗ್ಗಾಗಿ ಕೂತಿದ್ದನ್ನು ನಾನು ನೋಡಿದ್ದೆ. ನೋಡಿದ ಕೂಡಲೇ ಭಾನುವಾರದ ನಟ್ಟು ನೆನಪಾಗಿತ್ತು. ಮಂಡಿಯೂರಿ ಬಗ್ಗಿದರೆ ಕೊಂಡಿ ಕಾಣುತ್ತದೆ. ಒಂದು ನಿಮಿಷದ ಕೆಲಸ. ನಾನು ಬಗ್ಗಲಿಲ್ಲ. ಮನೆಗೆ ತಂದು ಟಾರ್ಪಾಲು ಹೊದಿಸಿದೆ.

ಹಟ್ಟಿಯವರಿಗೆ ಹತ್ತಿದವರು ಯಾರೆಂದು ಹೇಳಿಕೊಡಬೇಕಾಗಿರಲಿಲ್ಲ. ಆ ಮರದಡಿ ಕಾದು ಬೈಕು ಹತ್ತುತ್ತಿದ್ದವಳು ಒಬ್ಬಳೇ. ಪಾವಗಡದ ಕಡೆಯಿಂದ ಒಬ್ಬ ಮಂತ್ರವಾದಿಯನ್ನು ಕರೆಸಿದರು. ಅವನ ಮಾತು ಅರ್ಧ ತೆಲುಗು. ನನ್ನನ್ನೂ ಸಾಕ್ಷಿಯಾಗಿ ಕರೆದರು.

"ಆಯಮ್ಮ ಆಡನೇ ಉಂದಿ ಸಾರೂ, ಆ ಮರದ ಕೆಳಗೇನೇ. ನೀವು ಓದ್ದೋರು, ಸುಳ್ಳು ಹೇಳಲ್ಲ. ಬರುವು ತಗಿಲಿಂದಾ, ಲೇದಾ?" ಭಾರ ತಾಗಿತೋ ಇಲ್ಲವೋ ಎಂದು ಕೇಳುತ್ತಿದ್ದ.

"ತಾಗಿತು," ಎಂದೆ.

ಅವನು ಈರಮ್ಮನ ಸೀರೆಯ ಒಂದು ಚೂರನ್ನು ಮರಕ್ಕೆ ಒತ್ತಿ, ಅದರ ಮೇಲೆ ಗೇಣುದ್ದದ ಮೊಳೆ ಹೊಡೆದ. ಇನ್ನು ಆಕೆ ಅಲ್ಲಿಂದ ಕದಲುವಂತಿಲ್ಲ. ಪ್ರತಿ ಪೆಟ್ಟಿಗೂ ನೆರೆದವರು ಒಂದು ಹೆಜ್ಜೆ ಹಿಂದೆ ಸರಿದರು, ನಾನೂ ಸರಿದೆ. ಆಮೇಲೆ ಮಂದೆಗಳು ಆ ಇಳಿಜಾರು ಬಿಟ್ಟು ಸುತ್ತು ದಾರಿ ಹಿಡಿದವು. ಮನೆಯಲ್ಲಿ ಹಿರಿಯರಿಗೆ ಎಡೆ ಇಡುವಾಗ ಚಿಕ್ಕಣ್ಣ ಅಪ್ಪನಿಗೆ ಇಟ್ಟ, ಅವ್ವನಿಗೆ ಇಡಲಿಲ್ಲ. ನೋಡಲು ಹೋದಾಗ ಕೋಲಿಗೆ ಗಲ್ಲ ಊರಿ ಹೇಳಿದ, "ಹೆತ್ತೋಳೇ ಇಂಗೆ ಮಾಡುದ್ರೆ ಯಾರ್ತಾವ ಹೇಳ್ಕಳದು ಸಾರ್?"

ನನ್ನ ಬಾಯಿಯವರೆಗೆ ಬಂದ ಮಾತು ಕಾಫಿಯೊಂದಿಗೆ ಕೆಳಗಿಳಿಯಿತು.

ಶೆಡ್ಡಿನಲ್ಲಿ ಸದ್ದು ಶುರುವಾದದ್ದು ಅದಾದ ಮೇಲೆ. ದಿನವೂ ಮಧ್ಯಾಹ್ನ, ಟಾರ್ಪಾಲಿನ ಅಡಿಯಿಂದ, ಯಾರೋ ಮೆಲ್ಲನೆ ಕೂತು ಮೆಲ್ಲನೆ ಎದ್ದ ಹಾಗೆ ಒಂದು ಕಿರುಗು. ಹೆಂಡತಿಗೆ ಹೇಳಿದೆ.

"ಮೇಲಿನ ಶೀಟು ಬಿಸಿಲಿಗೆ ಕಾದ್ರೆ ಹಂಗೇ," ಎಂದಳು.

"ಟಾರ್ಪಾಲಿನ ಮೇಲೆಲ್ಲ ಧೂಳು ಕೂತಿದೆ, ಹಿಂದಿನ ಸೀಟಿನ ಜಾಗದಲ್ಲಿ ಮಾತ್ರ ಇಲ್ಲ."

"ಕೋಳಿ ಮಲಗಿರ್ತದೆ."

"ನಮ್ಮನೇಲಿ ಕೋಳಿ ಎಲ್ಲಿದೆ?"

"ಊರಲ್ಲಿ ಇಲ್ವಾ? ನಿಮ್ಗೆ ಹೇಳಿ ಬರಬೇಕಾ ಅದು?"

ಅವಳ ಮಾತನ್ನು ನಂಬಲು ಬಹಳ ಪ್ರಯತ್ನಪಟ್ಟೆ. ಒಂದು ಮಧ್ಯಾಹ್ನ ಕೋಳಿಗಾಗಿ ಶೆಡ್ಡಿನ ಬಾಗಿಲಲ್ಲಿ ಮರೆಯಾಗಿ ಕೂತೆ. ಐವತ್ತರ ಸರ್ಕಾರಿ ನೌಕರ, ಕೈಯಲ್ಲೊಂದು ಬುಟ್ಟಿ. ಸದ್ದು ಬಂತು, ಕೋಳಿ ಬರಲಿಲ್ಲ.

ಇಷ್ಟೆಲ್ಲ ಆದ ಮೇಲೆ, ಗೇಟಿನ ನೆಪದಲ್ಲಿ ಡಬ್ಬಿ ತೆಗೆದಾಗ, ಆ ಮೂರು ಬೆರಳ ಗುರುತು. ಗ್ರೀಸು ತುಂಬಿದ ಕೈ ಇದೇ, ನಟ್ಟು ತಿರುಗಿಸಿದ ಕೈಯೂ ಇದೇ. ಮರುದಿನವೇ ಬೈಕನ್ನು ಆಟೊಗೆ ಹಾಕಿಸಿ ಶಿರಾದ ಇಮ್ತಿಯಾಜನ ಗ್ಯಾರೇಜಿಗೆ ಒಯ್ದೆ. ಇಂಥ ಬೈಕುಗಳಿಗೆ ಅವನ ಕೈಗುಣ ಒಳ್ಳೆಯದು.

ಅವನು ಗೋಣಿಚೀಲ ಹಾಸಿ, ಟಾರ್ಚು ಹಿಡಿದು ಬೈಕಿನಡಿ ಮಲಗಿದ. ಕೊಂಡಿಯ ಒಂದೊಂದು ಭಾಗವನ್ನೂ ಬೆರಳಿನಿಂದ ಮುಟ್ಟಿ ನೋಡಿದ. ಆಮೇಲೆ ಕೆಳಗಿನಿಂದಲೇ ಕೇಳಿದ, "ಸಾಬ್, ಇದನ್ನ ಯಾರು ಕಟ್ಟಿದ್ದು?"

"ನಾನೇ."

"ಗ್ರೀಸ್ ಮಸ್ತ್ ತುಂಬಿದೀರ, ಮದುವೆಮನೆ ಕೇಸರಿಬಾತ್ ಥರ. ನಟ್ ಯಾಕೆ ಟೈಟ್ ಮಾಡ್ಲಿಲ್ಲ?"

"ಸ್ವಲ್ಪ ಸಡಿಲ ಬಿಡಬೇಕು ಅಂತ ನಮ್ಮ ತಾತ ಹೇಳುತ್ತಿದ್ದ."

"ತಾತಂದು ಎಷ್ಟು ಸಿಸಿ ಗಾಡಿ?"

"ಎರಡು ಎತ್ತು."

ಅವನ ನಗುವಿಗೆ ಟಾರ್ಚಿನ ಬೆಳಕು ಅಲ್ಲಾಡಿತು. ನಾನು ನಗದಿದ್ದುದನ್ನು ಕಂಡು ನಿಲ್ಲಿಸಿದ. "ಬಗ್ಗಿ ನೋಡಿ ಸಾಬ್."

ಬಗ್ಗಿದೆ. ನಟ್ಟು ಇರಲಿಲ್ಲ. ಬೋಲ್ಟು ಅರ್ಧ ಹೊರಗೆ ಜಾರಿತ್ತು. ಕೊಂಡಿಯ ಒಂದು ಪಟ್ಟಿ ಕಳಚಿ ಜೋತಾಡುತ್ತಿತ್ತು, ಇನ್ನೊಂದು ಬಾಗಿತ್ತು. ನಟ್ಟು ದಿನದಿಂದ ದಿನಕ್ಕೆ ಬಿಚ್ಚಿಕೊಳ್ಳುತ್ತ ಬಂದು ಎಲ್ಲೋ ಉದುರಿದೆ, ಇಳಿಜಾರಿನಲ್ಲಿ ಇಬ್ಬರ ಭಾರ ಬಿದ್ದಾಗ ಬೋಲ್ಟು ಸರಿದಿದೆ, ಹಿಂಭಾಗ ಕುಸಿದಿದೆ. ಮೂರನೆಯವರು ಯಾರೂ ಬೇಕಾಗಿರಲಿಲ್ಲ.

ಇಮ್ತಿಯಾಜ್ ಹೊಸ ಬೇರಿಂಗು, ಪಟ್ಟಿ, ಬೋಲ್ಟು, ನಟ್ಟು ಹಾಕಿದ. ಕೊನೆಯ ಬಿಗಿತಕ್ಕೆ ಅಳತೆಯ ಪಾನವನ್ನು ನನ್ನ ಕೈಗೇ ಕೊಟ್ಟ. ಅದು 'ಟಕ್' ಎಂದಾಗ ಹೇಳಿದ, "ಕೊಂಡಿ ಆಡೋದು ಬೇರಿಂಗ್ ಒಳಗೆ ಸಾಬ್. ನಟ್ ಆಡಬಾರ್ದು. ತಾತಂಗೆ ಸಲಾಂ ಹೇಳಿ, ಮಾತು ಮಾತ್ರ ಕೇಳ್ಬೇಡಿ."

ಹಳೆಯ ಬೋಲ್ಟನ್ನು ಪೇಪರಿನಲ್ಲಿ ಸುತ್ತಿಕೊಂಡು ಮರುದಿನ ಬೆಳಿಗ್ಗೆ ಅದೇ ಬೈಕಿನಲ್ಲಿ ಚಿಕ್ಕಣ್ಣನ ಹಟ್ಟಿಗೆ ಹೋದೆ. ಸುತ್ತು ದಾರಿಯಲ್ಲೇ ಹೋದೆ. ಅವನು ಬಾಗಿಲ ಮುಂದಿನ ಕಲ್ಲಿನ ಮೇಲೆ ಕೂತು ಉಣ್ಣೆ ನೂಲುತ್ತಿದ್ದ. ಬೋಲ್ಟನ್ನು ಅವನ ಅಂಗೈಯಲ್ಲಿಟ್ಟು ಎಲ್ಲ ಹೇಳಿದೆ. ಭಾನುವಾರ, ರಾಗಿಕಾಳು, ತಗ್ಗಾಗಿ ಕೂತ ಬೈಕು, ಬಗ್ಗದೆ ಬಂದದ್ದು, ಮಂತ್ರವಾದಿಯ ಮುಂದೆ 'ತಾಗಿತು' ಎಂದದ್ದು.

ಅವನು ಬೋಲ್ಟನ್ನು ತಿರುಗಿಸಿ ತಿರುಗಿಸಿ ನೋಡಿದ.

"ಯಾವಾಗ ಗೊತ್ತಾಯ್ತು ಸಾರ್?"

"ನೋಡಿದ್ದು ನಿನ್ನೆ. ಅನುಮಾನ ಅವತ್ತೇ ಬಂದಿತ್ತು."

"ಎಂಟು ತಿಂಗ್ಳು ಬೇಕಾಯ್ತಾ ಸಾರ್, ಬಗ್ಗಿ ನೋಡಾಕೆ?"

ಬೋಲ್ಟು ಸುತ್ತಿದ್ದ ಪೇಪರನ್ನು ನಾನು ಮಡಿಸತೊಡಗಿದೆ.

"ನನ್ ಸೊಂಟ ಹೋದ್ರೆ ಹೋಗ್ಲಿ ಬುಡಿ, ಗಾಡಿ ಅಂದ್ಮ್ಯಾಲೆ ಬೀಳ್ತಾರೆ. ನಮ್ಮವ್ವನ್ನ ಮರಕ್ಕೆ ಹೊಡುಸ್ಬುಟ್ರಲ್ಲ ಸಾರ್. ನಾನೂ ಒಂದು ತುತ್ತು ಎಡೆ ಇಕ್ನಿಲ್ಲ." ಬೋಲ್ಟನ್ನು ನನ್ನತ್ತ ಎಸೆಯುವನೆಂದುಕೊಂಡೆ. ಎಸೆಯಲಿಲ್ಲ, ಮುಷ್ಟಿಯಲ್ಲಿ ಬಿಗಿಹಿಡಿದ.

ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದ ಲಕ್ಷ್ಮಿ ಹೇಳಿದಳು, "ಅಳದು ಆಮ್ಯಾಕೆ ಅಳೀವ್ರಂತೆ, ಬೈಯದೂ ಆಮ್ಯಾಕೆ ಬೈಯೀವ್ರಂತೆ. ಮೊದ್ಲು ಇಬ್ರೂ ಹೋಗಿ ಆ ಮೊಳೆ ಕಿತ್ತು ಬರ್ರಿ."

ಚಿಕ್ಕಣ್ಣ ಎದ್ದ. ಎಂಟು ತಿಂಗಳ ಮೇಲೆ ಮತ್ತೆ ನನ್ನ ಹಿಂದೆ ಕೂತ. ಕೋಲನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡ.

ಇಳಿಜಾರು ತಲುಪಿದಾಗ ಹೊತ್ತು ನೆತ್ತಿಗೆ ಬಂದಿತ್ತು. ಮಂದೆಗಳು ಬಾರದೆ ಹುಲ್ಲು ಮೊಣಕಾಲುದ್ದ ಬೆಳೆದಿತ್ತು. ಹಕ್ಕಿಯ ಸದ್ದೂ ಇರಲಿಲ್ಲ. ಮರ ಮೊಳೆಯ ತಲೆಯನ್ನು ಅರ್ಧ ನುಂಗಿತ್ತು. ಸೀರೆಯ ಚೂರು ತೊಗಟೆಯ ಬಣ್ಣಕ್ಕೆ ತಿರುಗಿ, ಯಾವುದು ಬಟ್ಟೆ ಯಾವುದು ಮರ ಎಂದು ತಿಳಿಯುತ್ತಿರಲಿಲ್ಲ. ಬೈಕಿನ ಪೆಟ್ಟಿಗೆಯಲ್ಲಿದ್ದ ಉಳಿಯಿಂದ ತೊಗಟೆ ಬಿಡಿಸಿ, ಇಕ್ಕುಳದಲ್ಲಿ ಹಿಡಿದು ಅತ್ತ ಇತ್ತ ಆಡಿಸಿದೆ. ಅದು ಸುಲಭಕ್ಕೆ ಬರಲಿಲ್ಲ. ಇಬ್ಬರೂ ಬೆವೆತೆವು. ಚಿಕ್ಕಣ್ಣ ಕೋಲು ಕೆಳಗಿಟ್ಟು, ನನ್ನ ಕೈಯ ಮೇಲೆ ಕೈಯಿಟ್ಟು ಎಳೆದ. ಒಮ್ಮೆಲೇ ಮೊಳೆ ಹೊರಬಂತು. ಇಬ್ಬರೂ ಹುಲ್ಲಿನ ಮೇಲೆ ಕೂತೆವು. ತೂತಿನಿಂದ ಸ್ವಲ್ಪ ನೀರಿನಂಥದು ಒಸರಿತು.

ಅವನು ಸೀರೆಯ ಚೂರನ್ನು ಮಡಿಸಿ ಜೇಬಿಗಿಟ್ಟುಕೊಂಡು ಮರದ ಕಡೆ ಹೇಳಿದ, "ಅವ್ವಾ, ನೀನಲ್ವಂತೆ. ಸಾರ್ ಹೇಳಿದ್ರು."

ಆಮೇಲೆ ನನ್ನ ಕಡೆ ತಿರುಗಿದ. ಬೆಳಗಿನ ಸಿಟ್ಟು ಮುಖದಲ್ಲಿರಲಿಲ್ಲ.

"ಸಾರ್, ಒಂದು ಮಾತು ಯಾರ್ಗೂ ಹೇಳಿಲ್ಲ. ಲಕ್ಷ್ಮೀಗೂ. ಅವತ್ತು ಗಾಡಿ ಕುಸಿಯಾಕೆ ವಸಿ ಮುಂಚೆ, ಈ ನೆಳ್ಳಿಗೆ ಬಂದೇಟ್ಗೇ, ನನ್ ಸೊಂಟ ಹಿಡ್ಕಂಡ್ರು. ಎಲ್ಡೂ ಕೈಲಿ. ಎಳುದ್ರು ಅಂತ ಇಷ್ಟು ದಿನ ನಾನೇ ಅನ್ಕಂಡಿದ್ದೆ. ಈಗ ಗ್ಯಾನ ಮಾಡ್ಕಂಡ್ರೆ, ಎಳೀಲಿಲ್ಲ ಸಾರ್. ಬೀಳ್ದಂಗೆ ಹಿಡ್ಕಂತಾರಲ್ಲ, ಅಂಗೆ."

ಮೊಳೆ ಕಚ್ಚಿದ್ದ ಇಕ್ಕುಳವನ್ನು ನಾನು ಹುಲ್ಲಿನ ಮೇಲಿಟ್ಟೆ.

"ನಟ್ಟು ನಿಮ್ದು ಅಂದ್ರಿ, ಒಪ್ಕಂಡೆ," ಎಂದ. "ಕೈ ಯಾರ್ದು?"

ನನಗೆ ಗೊತ್ತಿಲ್ಲ. ಕುಸಿತದ ಲೆಕ್ಕವನ್ನು ನಾನು ಕಣ್ಣಾರೆ ಕಂಡಿದ್ದೇನೆ, ಅದರ ಹೊಣೆ ಹೊತ್ತಿದ್ದೇನೆ. ಕೈಗಳ ವಿಷಯಕ್ಕೆ ನಾನು ಸಾಕ್ಷಿಯಲ್ಲ. ನಾನು ಮುಂದೆ ಕೂತಿದ್ದೆ, ದಾರಿ ನೋಡುತ್ತಿದ್ದೆ. "ಗೊತ್ತಿಲ್ಲ ಚಿಕ್ಕಣ್ಣ," ಎಂದೆ. ಅವನು ತಲೆಯಾಡಿಸಿದ.

ಬೈಕು ಹತ್ತಿ ಚಾಲೂ ಮಾಡಿದೆ. ಅವನು ಕೋಲೂರಿ ಹತ್ತಿದ. ಹೊರಡಬೇಕೆನ್ನುವಷ್ಟರಲ್ಲಿ, "ವಸಿ ತಡೀರಿ ಸಾರ್," ಎಂದು ನನ್ನ ಬೆನ್ನಿಗೆ ಒತ್ತುವಷ್ಟು ಮುಂದಕ್ಕೆ ಸರಿದು, ತನ್ನ ಹಿಂದೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು, ಸುಮ್ಮನೆ ಕೂತ. ನಾನು ತಿರುಗಿ ನೋಡಲಿಲ್ಲ. ಹತ್ತಲು ಬೇಕಾಗುವಷ್ಟು ಹೊತ್ತು ಕಾದು, ಆಮೇಲೆ ಬಲು ನಿಧಾನವಾಗಿ ಹೊರಟೆ.